ಟೀಚರ್ ಹತ್ರ ಕೇಳಿ: ಸಿನಿಮಾ ಯಾಕೋ ಬೇಡ ಅನ್ಸುತ್ತೆ

ಹೋದ ತಿಂಗ್ಳು ಒಬ್ರು ಓದುಗರು ಎರಡೇ ಸಾಲು ಬರ್ದಿದ್ರು. ಮೊದ್ಲು ವಾರಕ್ಕೆರಡು ಸಿನಿಮಾ ಆಗ್ಲೇಬೇಕಿತ್ತು, ಈಗ ಟಿವಿ ಮುಂದೆ ಕೂತ್ರೆ ಹತ್ತು ನಿಮಿಷಕ್ಕೆ ಎದ್ದು ಹೋಗೋಣ ಅನ್ಸುತ್ತೆ, ಯಾಕೆ ಟೀಚರೇ ಅಂತ. ಜಾಗ ಸಾಲ್ದೆ ಉತ್ತರ ಮುಂದಕ್ಕೆ ಹಾಕಿ, ನಿಮ್ಗೂ ಹೀಗಾಗಿದ್ರೆ ಬರೀರಿ ಅಂತ ಕೆಳಗೊಂದು ಸಾಲು ಸೇರ್ಸಿದ್ದೆ, ಅದೇ ತಪ್ಪಾಯ್ತು ನೋಡಿ. ನಮ್ಮ ಕೊಡಗಲ್ಲಿ ಕಕ್ಕಡ ತಿಂಗ್ಳ ಜೋರು ಮಳೆ, ತೋಟದ ಕಡೆ ಕಾಲಿಡೋ ಹಾಗಿಲ್ಲ, ಎಲ್ರೂ ಮನೆ ಒಳಗೇ, ಸಿನಿಮಾ ನೋಡೋಕೆ ಹೇಳಿ ಮಾಡ್ಸಿದ ಕಾಲ, ಅಂಥಾದ್ರಲ್ಲಿ ಜನ ಕೂತ್ಕೊಂಡು ಸಿನಿಮಾ ಯಾಕೆ ಬೇಡ ಅಂತ ಕಾಗದ ಬರ್ದಿದಾರೆ, ಕೆಲವ್ರು ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಬೇರೆ, ಹಿಂದೆ ಶೀಟಿನ ಮೇಲೆ ಮಳೆ ಬೀಳೋ ಸದ್ದಲ್ಲಿ ಅರ್ಧ ಕೇಳ್ಸೋದೇ ಇಲ್ಲ. ಈ ಸಲ ಪೂರ್ತಿ ಅದೇ. ಗೊಬ್ಬರ, ಸೊಸೆ, ಸೈಟಿನ ಪ್ರಶ್ನೆ ಕಳ್ಸಿದೋರು ಒಂದು ತಿಂಗ್ಳು ತಡ್ಕೊಳ್ಳಿ.

ನಾನು ಡಾಕ್ಟ್ರಲ್ಲ, ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಟ್ಟು ರಿಟೈರ್ ಆದೋಳು, ಓದಿದ್ದು ಕೇಳಿದ್ದು ನಮ್ಮನೇಲೇ ಕಂಡಿದ್ದು ಇಷ್ಟು ಇಟ್ಕೊಂಡು ಹೇಳ್ತೀನಿ.

ಪ್ರಶ್ನೆ: ಟೀಚರೇ, ನನಗೆ 44. ಗೋಣಿಕೊಪ್ಪದ ಹತ್ರ ಸ್ವಲ್ಪ ತೋಟ ಇದೆ. ಕಾಲೇಜಲ್ಲಿದ್ದಾಗ ಹೊಸ ಸಿನಿಮಾ ಬಂತು ಅಂದ್ರೆ ಬಸ್ ಹತ್ತಿ ಮೈಸೂರಿಗೆ ಹೋಗಿ ನೋಡ್ಕೊಂಡು ಲಾಸ್ಟ್ ಬಸ್ಸಿಗೆ ವಾಪಸ್ ಬರ್ತಿದ್ದೆ, ಬಸ್ ತಪ್ಪಿ ಹುಣಸೂರು ಬಸ್‌ಸ್ಟ್ಯಾಂಡಲ್ಲಿ ಮಲ್ಗಿದ್ದೂ ಇದೆ. ಈಗ ಮನೇಲಿ ದೊಡ್ಡ ಟಿವಿ, ವೈಫೈ, ಮೂರು ಆ್ಯಪಿಗೆ ದುಡ್ಡು ಕಟ್ತೀನಿ. ರಾತ್ರಿ ಊಟ ಆದ್ಮೇಲೆ ರಿಮೋಟ್ ಹಿಡ್ಕೊಂಡು ಮುಕ್ಕಾಲು ಗಂಟೆ ಹುಡುಕ್ತೀನಿ, ಒಂದು ಹಾಕ್ತೀನಿ, ಹತ್ತು ನಿಮಿಷಕ್ಕೆ ತೆಗೀತೀನಿ, ಇನ್ನೊಂದು ಹಾಕ್ತೀನಿ, ಕೊನೆಗೆ ಫೋನ್ ಹಿಡ್ಕೊಂಡು ಮಲ್ಕೋತೀನಿ. ಹೆಂಡ್ತಿ ನಿಮ್ಗೆ ವಯಸ್ಸಾಯ್ತು ಅಂತಾಳೆ. ಬೇರೆ ಎಲ್ಲಾ ಸರಿಯಾಗೇ ಇದೆ, ಈ ಸಲ ಕೊಡವ ಮನೆತನಗಳ ಹಾಕಿ ಟೂರ್ನಮೆಂಟು, ಅದೇ ಹಾಕಿ ಹಬ್ಬಕ್ಕೆ ಹತ್ತು ದಿನ ಹೋಗಿದ್ದೆ. ಏನಾಗಿದೆ ನನಗೆ?

ಉತ್ತರ: ಹೆಂಡ್ತಿ ಮಾತು ಅರ್ಧ ನಿಜ, ಅದಕ್ಕೆ ಆಮೇಲೆ ಬರ್ತೀನಿ. ಇಂಥ ಕಾಗದ ಬಂದಾಗ ನಾನು ಮೊದ್ಲು ಹುಡುಕೋದು, ಹೋಗಿರೋದು ಸಿನಿಮಾ ಒಂದೇನಾ ಇಲ್ಲ ಅದ್ರ ಜೊತೆ ಬೇರೆದೂ ಹೋಗಿದ್ಯಾ ಅಂತ. ನಿಮ್ಮ ಹಾಕಿ ಸಾಲು ಓದಿ ನನಗೆ ಸಮಾಧಾನ ಆಯ್ತು. 1997ರಲ್ಲಿ ಕರಡ ಅನ್ನೋ ಊರಲ್ಲಿ ಪಾಂಡಂಡ ಕುಟ್ಟಪ್ಪನವ್ರು ಶುರು ಮಾಡಿದ ಹಬ್ಬ ಅದು, ಅಲ್ಲಿ ಗ್ಯಾಲರಿಲಿ ಬಿಸ್ಲಲ್ಲಿ ಕೂತು ಒಂದರ ಹಿಂದೆ ಒಂದು ಮ್ಯಾಚ್ ನೋಡೋ ಮನುಷ್ಯನಿಗೆ ಏಕಾಗ್ರತೆ ಹೋಗಿದೆ ಅಂತ ಯಾರು ಹೇಳ್ತಾರೆ. ಕೂರೋ ಶಕ್ತಿ ನಿಮ್ಗೆ ಚೆನ್ನಾಗೇ ಇದೆ. ಗ್ಯಾಲರಿಲಿ ಏನಿಲ್ಲ ಹೇಳಿ? ರಿಮೋಟ್ ಇಲ್ಲ.

ತಮಾಷೆಗೆ ಹೇಳ್ತಿಲ್ಲ. ಕೆನಡಾದ ಟೊರಾಂಟೊ ಯೂನಿವರ್ಸಿಟಿಲಿ ಕೇಟಿ ಟ್ಯಾಮ್, ಮೈಕಲ್ ಇನ್ಜ್ಲಿಕ್ಟ್ ಅನ್ನೋರು ಸೇರಿ ಮಾಡಿದ ಪ್ರಯೋಗ 2024ರಲ್ಲಿ ಪ್ರಕಟ ಆಯ್ತು. ಜನಕ್ಕೆ ಒಂದು ಸಲ ಹತ್ತು ನಿಮಿಷದ ಒಂದೇ ವಿಡಿಯೋ ಕೊಟ್ರು, ಬದಲಾಯ್ಸೋ ಹಾಗಿಲ್ಲ. ಇನ್ನೊಂದು ಸಲ ಐದೈದು ನಿಮಿಷದ್ದು ಏಳು ವಿಡಿಯೋ, ಅದೇ ಹತ್ತು ನಿಮಿಷದಲ್ಲಿ ಯಾವುದರಿಂದ ಯಾವುದಕ್ಕೆ ಬೇಕಾದ್ರೂ ಹಾರ್ಬೋದು. ಹಾರೋಕೆ ಬಿಟ್ರೆ ಬೋರ್ ಕಮ್ಮಿ ಆಗುತ್ತೆ ಅಂತ ಜನ ಅಂದ್ಕೊಂಡಿದ್ರು, ಆಗಿದ್ದು ಉಲ್ಟಾ, ಹಾರಿದಾಗ್ಲೇ ಬೋರ್ ಜಾಸ್ತಿ. ಅಂದ್ರೆ ನೀವು ಬೋರಾಯ್ತು ಅಂತ ಬದಲಾಯ್ಸ್ತಿದೀರಿ, ಬದಲಾಯ್ಸ್ತಾ ಇರೋದ್ರಿಂದ್ಲೇ ಬೋರ್ ಆಗ್ತಿದೆ. ಸಿನಿಮಾ ಶುರುವಾಗಿ ಹತ್ತು ನಿಮಿಷ ಅಂದ್ರೆ ಯಾರು ಯಾರಿಗೇನಾಗ್ಬೇಕು ಅಂತ ಗೊತ್ತಾಗೋ ಹೊತ್ತು ಅಷ್ಟೇ, ನೀವು ಬೇಸರದ ಭಾಗ ಮಾತ್ರ ನೋಡಿ ಎದ್ದು ಬಂದು ಮತ್ತೊಂದು ಸಿನಿಮಾದ ಬೇಸರದ ಭಾಗಕ್ಕೆ ಹೋಗ್ತಿದೀರಿ. ದಿನಾ ರಾತ್ರಿ ಅನ್ನ ಬೇಯೋ ಮುಂಚೆ ಇಳ್ಸಿ, ಅಕ್ಕಿ ಸರಿ ಇಲ್ಲ ಅಂದ ಹಾಗೆ.

ಇನ್ನು ಆ ಮುಕ್ಕಾಲು ಗಂಟೆ ಹುಡುಕಾಟ. ಮಡಿಕೇರಿಲಿ ಹೋಂಮೇಡ್ ಚಾಕ್ಲೇಟು, ಜಾಮು, ಜೇನು ಮಾರೋ ಅಂಗಡಿಗೆ ಟೂರಿಸ್ಟುಗಳು ನುಗ್ಗೋದನ್ನ ನೋಡಿದೀರಲ್ಲ, ಹದಿನೈದು ಬಾಟ್ಲು ಮೇಲೆತ್ತಿ ನೋಡಿ ಕೊನೆಗೆ ಒಂದು ಪ್ಯಾಕೆಟ್ ಏಲಕ್ಕಿ ತಗೊಂಡು ಹೋಗ್ತಾರೆ. ಜಾಮಿನದ್ದೇ ಒಂದು ಪ್ರಸಿದ್ಧ ಪ್ರಯೋಗ ಇದೆ, ಶೀನಾ ಅಯ್ಯಂಗಾರ್ ಮತ್ತೆ ಮಾರ್ಕ್ ಲೆಪ್ಪರ್ ಅನ್ನೋರದ್ದು, 2000ರಲ್ಲಿ ಬಂದಿದ್ದು. ಕ್ಯಾಲಿಫೋರ್ನಿಯಾದ ಅಂಗಡಿ ಒಂದ್ರಲ್ಲಿ 24 ಬಗೆ ಜಾಮ್ ರುಚಿಗೆ ಇಟ್ಟಾಗ ನಿಂತು ನೋಡಿದೋರೇನೋ ಜಾಸ್ತಿ, ತಗೊಂಡೋರು ಅವ್ರಲ್ಲಿ ನೂರಕ್ಕೆ 3. ಬರೀ 6 ಬಗೆ ಇಟ್ಟಾಗ ನೂರಕ್ಕೆ 30. ಆಮೇಲೆ ಬೇರೆಯವ್ರು ಮಾಡಿ ನೋಡಿದಾಗ ಎಲ್ಲಾ ಕಡೆ ಇದೇ ಥರ ಬರ್ಲಿಲ್ಲ ಅನ್ನೋದನ್ನೂ ಹೇಳ್ಬಿಡ್ತೀನಿ, ಏನು ಬೇಕು ಅಂತ ಮನೆಯಿಂದ್ಲೇ ಗೊತ್ತಿದ್ದು ಬಂದೋರಿಗೆ ಎಷ್ಟು ಬಾಟ್ಲು ಇದ್ರೂ ತೊಂದ್ರೆ ಇಲ್ಲ. ಏನು ಬೇಕು ಅಂತ ಗೊತ್ತಿಲ್ದೆ ಹೋಗಿ ನಿಂತೋರಿಗೇ ಕಷ್ಟ. ನೀವು ರಾತ್ರಿ ಒಂಬತ್ತಕ್ಕೆ ಮೂರು ಆ್ಯಪ್ ಮುಂದೆ ನಿಲ್ಲೋದು ಹಾಗೇನೇ.

ನನಗೆ ನೆನಪಾಗೋದು ವಿಸಿಪಿ ಕಾಲ, ವಿಡಿಯೋ ಕ್ಯಾಸೆಟ್ ಹಾಕಿ ಸಿನಿಮಾ ನೋಡೋ ಮಿಷನ್ ಅದು. 1987ರ ಸುಮಾರಿಗೆ ಇರ್ಬೇಕು, ನಮ್ಮ ಸುಗ್ಗಿ ಹಬ್ಬ ಪುತ್ತರಿ ಆಗಿ ನಾಲ್ಕು ದಿನಕ್ಕೆ ನಮ್ಮಣ್ಣ ವಿರಾಜಪೇಟೆಯಿಂದ ಜೀಪಲ್ಲಿ ಟಿವಿ, ವಿಸಿಪಿ, ಮೂರು ಕ್ಯಾಸೆಟ್ಟು ಬಾಡಿಗೆಗೆ ತಂದ. ಬೆಳಗ್ಗೆ ಒಂಬತ್ತಕ್ಕೆ ವಾಪಸ್ ಕೊಡ್ಬೇಕು, ಇಲ್ಲಾಂದ್ರೆ ಇನ್ನೊಂದು ದಿನದ ಬಾಡಿಗೆ. ಹಾಗಾಗಿ ರಾತ್ರಿ ಪೂರ್ತಿ ಮೂರೂ ನೋಡ್ಲೇಬೇಕು. ಜಗಲಿಲಿ ಟಿವಿ, ಕೆಳಗೆ ಕಣದಲ್ಲಿ ಟಾರ್ಪಾಲ್ ಹಾಸಿ ಅಕ್ಕಪಕ್ಕದ ಮನೆಯವ್ರು, ತೋಟದ ಲೈನ್ ಮನೆಗಳ ಕೆಲ್ಸದವ್ರು ಎಲ್ಲಾ, ಒಂದು ಹಂಡೆ ಬೆಲ್ಲದ ಕಾಫಿ. ಮಧ್ಯೆ ಮಧ್ಯೆ ಟಿವಿ ಮೇಲೆ ಬಿಳಿ ಗೆರೆ ಬರೋದು, ಆಗ ಅಣ್ಣ ಜೇಬಿಂದ ಎರಡು ರೂಪಾಯಿ ನೋಟು ತೆಗ್ದು ಮಡ್ಚಿ ವಿಸಿಪಿ ಮುಚ್ಚಳ ಬಿಚ್ಚಿ ಹೆಡ್ಡನ್ನ ಒರ್ಸೋನು, ಅವನು ಒರ್ಸೋ ಅಷ್ಟು ಹೊತ್ತೂ ನಲವತ್ತು ಜನ ಆಪರೇಷನ್ ನಡೀತಿದೆಯೇನೋ ಅನ್ನೋ ಹಾಗೆ ಉಸ್ರು ಬಿಗಿಹಿಡ್ದು ಕೂತಿರೋರು. ಮೂರನೇದು ತಮಿಳು ಸಿನಿಮಾ. ನಮ್ಮಲ್ಲಿ ಅರ್ಧ ಜನಕ್ಕೆ ತಮಿಳು ಬರಲ್ಲ, ಲೈನಿನ ಒಬ್ಬ ಅಜ್ಜಿ ಗಟ್ಟಿಯಾಗಿ ಕನ್ನಡದಲ್ಲಿ ಹೇಳ್ತಾ ಹೋದ್ರು, ಅರ್ಧ ಅವ್ರೇ ಸೇರ್ಸಿದ್ದು ಅಂತ ಈಗ ಅನುಮಾನ. ಆ ಸಿನಿಮಾದ ಹೆಸ್ರು ಇವತ್ತಿಗೂ ನನಗೆ ಗೊತ್ತಿಲ್ಲ. ಚೆನ್ನಾಗಿತ್ತಾ ಅಂತ ಕೇಳಿದ್ರೆ ಅದೂ ಗೊತ್ತಿಲ್ಲ, ಎದ್ದು ಹೋಗೋಣ ಅಂತ ಮಾತ್ರ ಯಾರಿಗೂ ಅನ್ನಿಸ್ಲಿಲ್ಲ.

ಆಗಿನ ಕಾಲ ಒಳ್ಳೇದಿತ್ತು ಅಂತ ಹೇಳ್ತಿಲ್ಲ, ಆ ಚಳೀಲಿ ಕೂತು ನನಗೆ ಒಂದು ವಾರ ನೆಗಡಿ. ಹೇಳ್ತಿರೋದು ಇಷ್ಟೇ, ನೀವು ಮೈಸೂರಿಗೆ ಹೋಗ್ತಿದ್ರಲ್ಲ, ಅದ್ರಲ್ಲಿ ಸಿನಿಮಾ ಒಂದೇ ಇರ್ಲಿಲ್ಲ, ಬಸ್ಸು, ಸ್ನೇಹಿತ್ರು, ಟಿಕೆಟ್ ಸಿಗುತ್ತೋ ಇಲ್ವೋ ಅನ್ನೋದು, ಹುಣಸೂರು ಬೆಂಚು ಎಲ್ಲಾ ಸೇರಿ ಒಂದು ಸಿನಿಮಾ. ಈಗ ಅದೆಲ್ಲ ತೆಗ್ದು ಬರೀ ಸಿನಿಮಾ ಕೈಗೆ ಕೊಟ್ಟಿದಾರೆ, ಅದೂ ಒಬ್ಬರೇ ಸೋಫಾದ ಮೇಲೆ.

ಹೆಂಡ್ತಿ ಹೇಳಿದ ವಯಸ್ಸಿನ ವಿಷಯ. ಹದಿನಾರರಿಂದ ನಲವತ್ತರ ತನಕ ವಾರಕ್ಕೆ ಎರಡು ಅಂದ್ಕೊಂಡ್ರೂ ಸುಮಾರು 2,500 ಸಿನಿಮಾ ನೋಡಿರ್ತೀರಿ. ಕಾಫಿ ಕಪ್ಪಿಂಗ್, ಅಂದ್ರೆ ರುಚಿ ನೋಡಿ ಗುಣ ಹೇಳೋ ಕೆಲ್ಸ ಮಾಡೋರನ್ನ ನೋಡಿದೀರಾ, ಒಂದು ಚಮಚ ಸೊರ್ರ್ ಅಂತ ಎಳ್ದು ಉಗ್ದು ಮುಂದಿನ ಕಪ್ಪಿಗೆ ಹೋಗ್ತಾರೆ, ಪೂರ್ತಿ ಕುಡಿಯೋ ಅವಶ್ಯಕತೆ ಅವ್ರಿಗಿಲ್ಲ. ನಿಮ್ಗೂ ಹಾಗೇ ಆಗಿದೆ, ಹೀರೋ ಸ್ನೇಹಿತ ಜಾಸ್ತಿ ನಗಿಸ್ತಿದಾನೆ ಅಂದ್ರೆ ಇಂಟರ್ವಲ್ ಆದ್ಮೇಲೆ ಸಾಯ್ತಾನೆ ಅಂತ ನಿಮ್ಮ ತಲೆಗೆ ಗೊತ್ತು. ಹಾಕೀಲಿ ಕೊನೇ ಎರಡು ನಿಮಿಷದಲ್ಲಿ ಏನಾಗುತ್ತೆ ಅಂತ ಯಾರಿಗೂ ಗೊತ್ತಿಲ್ಲ, ಅದಕ್ಕೇ ಅಲ್ಲಿ ಕೂರ್ತೀರಿ. ಇದಕ್ಕೆ ಔಷಧಿ ಇಲ್ಲ, ನೀವು ನೋಡ್ದೇ ಇರೋ ಥರದ್ದು, ಬೇರೆ ಭಾಷೇದು ನೋಡ್ಬೋದು, ಡಾಕ್ಯುಮೆಂಟರಿ ನೋಡ್ಬೋದು.

ಮಾಡಿ ನೋಡ್ಬೇಕು ಅಂದ್ರೆ ಹೀಗೆ ಮಾಡಿ. ಯಾವ ಸಿನಿಮಾ ಅಂತ ಹಗಲಲ್ಲೇ, ತೋಟದಲ್ಲಿ ಇರೋವಾಗ್ಲೇ ತೀರ್ಮಾನ ಮಾಡಿ, ಇಲ್ಲ ಹೆಂಡ್ತಿ ಹೇಳಿದ್ದು ಹಾಕಿ. ಫೋನು ಅಡುಗೆಮನೇಲಿ ಚಾರ್ಜಿಗೆ. ಟಿಕ್‌ಟಾಕ್ ಬ್ಯಾನ್ ಆಗಿದ್ದು 2020ರ ಜೂನ್ ಕೊನೇಲಿ, ಅದಾದ ಮೂರು ತಿಂಗಳೊಳಗೆ ರೀಲ್ಸು, ಶಾರ್ಟ್ಸು ಎರಡೂ ನಮ್ಮ ದೇಶಕ್ಕೆ ಬಂದ್ವು, ಆವತ್ತಿಂದ ನಮ್ಮ ಹೆಬ್ಬೆರಳಿಗೆ ರಜಾನೇ ಇಲ್ಲ, ಫೋನು ಪಕ್ಕದಲ್ಲಿದ್ರೆ ಅದು ತಾನಾಗೇ ಹೋಗುತ್ತೆ. ಅರ್ಧ ಗಂಟೆ ತನಕ ರಿಮೋಟ್ ಮುಟ್ಬೇಡಿ, ಆಮೇಲೂ ಬೇಡ ಅನ್ಸಿದ್ರೆ ಧಾರಾಳವಾಗಿ ಆಫ್ ಮಾಡಿ. ಇಂಟರ್ವಲ್ ತನಕ ಇವತ್ತು, ಉಳ್ದಿದ್ದು ನಾಳೆ ಅಂದ್ರೂ ಯಾರೂ ದಂಡ ಹಾಕಲ್ಲ. ಇಷ್ಟೆಲ್ಲಾ ಆಗಿಯೂ ಬೇಡ ಅನ್ಸಿದ್ರೆ ಎರಡು ಆ್ಯಪ್ ಕ್ಯಾನ್ಸಲ್ ಮಾಡಿ ಆ ದುಡ್ಡಲ್ಲಿ ಒಳ್ಳೆ ಹಾಕಿ ಸ್ಟಿಕ್ ತಗೊಳ್ಳಿ.

ಪ್ರಶ್ನೆ: ನಮ್ಮೆಜಮಾನ್ರಿಗೆ ಸಿನಿಮಾ ಹುಚ್ಚು. ಈಗ ಐದಾರು ತಿಂಗ್ಳಾಯ್ತು ಟಿವಿ ಹಾಕಿದ್ರೆ ಎದ್ದು ಹೋಗ್ತಾರೆ. ಸಿನಿಮಾ ಹಾಳಾಗ್ಲಿ ಬಿಡಿ ಅಂತ ನಾನೂ ಸುಮ್ನಿದ್ದೆ. ಆದ್ರೆ ಕೆಲ್ಸದವ್ರ ಹತ್ರ ಮಾತಿಲ್ಲ, ಪಂದಿ ಕರಿ ಮಾಡಿದ್ರೂ ಎರಡು ತುತ್ತು, ಬೆಳಗಿನ ಜಾವ ಮೂರಕ್ಕೆ ಎದ್ದು ಜಗಲಿಲಿ ಕೂತಿರ್ತಾರೆ, ಅಣ್ಣನ ಮಗನ ಮದುವೆಗೂ ಬರ್ಲಿಲ್ಲ. ಕೇಳಿದ್ರೆ ಏನಿಲ್ಲ ಅಂತಾರೆ. ಸಂಜೆ ಕುಡಿಯೋದು ಜಾಸ್ತಿ ಆಗಿದೆ. ಹೆಸ್ರು ಹಾಕ್ಬೇಡಿ. (ಸೋಮವಾರಪೇಟೆ ಕಡೆಯವ್ರು)

ಉತ್ತರ: ತಾಯಿ, ಇದು ಸಿನಿಮಾ ವಿಷಯ ಅಲ್ಲ. ಮೇಲಿನವ್ರಿಗೆ ಸಿನಿಮಾ ಒಂದು ಹೋಗಿದೆ, ನಿಮ್ಮ ಯಜಮಾನ್ರಿಗೆ ಊಟ, ನಿದ್ದೆ, ನೆಂಟ್ರು, ಮಾತು ಎಲ್ಲಾ ಒಟ್ಟಿಗೆ ಹೋಗಿದೆ. ಡಿಪ್ರೆಶನ್ ಅಂತಾರಲ್ಲ, ಖಿನ್ನತೆ, ಅದ್ರಲ್ಲಿ ಅಳೋದೇ ಮುಖ್ಯ ಅಂತ ನಾವು ಅಂದ್ಕೊಂಡಿರ್ತೀವಿ. ಡಾಕ್ಟ್ರುಗಳು ನೋಡೋ ಎರಡು ದೊಡ್ಡ ಲಕ್ಷಣದಲ್ಲಿ ಒಂದು ಮನಸ್ಸು ಕುಗ್ಗೋದು, ಇನ್ನೊಂದು ಮೊದ್ಲು ಇಷ್ಟ ಆಗ್ತಿದ್ದಿದ್ರಲ್ಲಿ ಆಸಕ್ತಿ, ಖುಷಿ ಹೋಗೋದು. ಹೆಚ್ಚುಕಮ್ಮಿ ದಿನಾ, ಎರಡು ವಾರ ಹೀಗಿದ್ರೇನೇ ತೋರ್ಸ್ಬೇಕು, ನಿಮ್ಮಲ್ಲಿ ಐದಾರು ತಿಂಗ್ಳಾಗಿದೆ. ಗಂಡಸ್ರು ಬಾಯಿ ಬಿಟ್ಟು ಹೇಳಲ್ಲ, ನಮ್ಮ ಕಡೆ ಅಂತೂ ಗಟ್ಟಿ ಮನುಷ್ಯ ಅನ್ನಿಸ್ಕೊಳ್ಳೋಕೆ ಸಾಯೋ ತನಕ ಏನಿಲ್ಲ ಅಂತ್ಲೇ ಇರ್ತಾರೆ. ಆ ಸಂಜೆ ಎರಡು ಪೆಗ್ ಅರ್ಧ ಗಂಟೆ ಹಗುರ ಮಾಡಿ ಮಾರನೇ ದಿನ ಇನ್ನೂ ಕೆಳಗೆ ಎಳೆಯುತ್ತೆ, ಬೆಳಗಿನ ಜಾವ ಎಚ್ಚರ ಆಗೋದಕ್ಕೂ ಅದ್ರ ಪಾಲಿದೆ.

ಹುಚ್ಚಿನ ಡಾಕ್ಟ್ರು ಅನ್ನೋ ಮಾತು ತೆಗೀಲೇಬೇಡಿ. ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಒಂದು ಸಲ ಚೆಕಪ್ ಮಾಡ್ಸೋಣ ಅನ್ನಿ, ಅದು ಸುಳ್ಳೂ ಅಲ್ಲ, ಥೈರಾಯ್ಡ್ ಕಮ್ಮಿ ಆದ್ರೂ ಹೀಗಾಗ್ಬೋದು, ಅದು ರಕ್ತ ಪರೀಕ್ಷೇಲೇ ಗೊತ್ತಾಗುತ್ತೆ. ಮಡಿಕೇರಿ ಮೆಡಿಕಲ್ ಕಾಲೇಜು ಆಸ್ಪತ್ರೇಲಿ ಮನೋವೈದ್ಯರಿಗೆ ತೋರ್ಸ್ಬೋದು. ಅಲ್ಲಿ ತನಕ ಕರ್ಕೊಂಡು ಹೋಗೋದೇ ಕಷ್ಟ ಅಂದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರ ಅಕ್ಟೋಬರಲ್ಲಿ ಶುರುವಾಗಿದ್ದು, ದುಡ್ಡಿಲ್ಲ, ರಾತ್ರಿ ಹಗಲು ಯಾವಾಗ ಬೇಕಾದ್ರೂ, ಕನ್ನಡದಲ್ಲೇ ಮಾತಾಡ್ಬೋದು. ಅವ್ರೇ ಮಾಡ್ಬೇಕು ಅಂತಿಲ್ಲ, ನೀವು ಮಾಡಿ ಹೇಗೆ ಕರ್ಕೊಂಡು ಹೋಗ್ಲಿ ಅಂತ ಕೇಳ್ಬೋದು. ಇನ್ನೊಂದು ಮಾತು, ಬರೀದೆ ಬಿಡೋಕೆ ಮನಸ್ಸಿಲ್ಲ. ಮನೇಲಿ ಕೋವಿ ಇದ್ರೆ ಆ ಬೀರುವಿನ ಬೀಗದ ಕೈ ಇವತ್ತಿಂದ ನಿಮ್ಮ ಹತ್ರ ಇರ್ಲಿ, ತೋಟಕ್ಕೆ ಹೊಡ್ಯೋ ಔಷಧಿ ಕೂಡ ಬೀಗದೊಳಗೆ. ಸಾಯೋ ಮಾತು ಏನಾದ್ರೂ ಬಂದ್ರೆ ಒಬ್ಬರನ್ನೇ ಬಿಡ್ಬೇಡಿ, ಅವತ್ತೇ ಆಸ್ಪತ್ರೆ. ಹೋಗ್ಬಂದು ನನಗೊಂದು ಸಾಲು ಬರೀರಿ, ಪತ್ರಿಕೇಲಿ ಹಾಕಲ್ಲ.

ಪ್ರಶ್ನೆ: ವಿರಾಜಪೇಟೆ, ಡಿಗ್ರಿ ಎರಡನೇ ವರ್ಷ. ನನಗೆ ಚಿಕ್ಕವಳಿದ್ದಾಗ್ಲಿಂದ ಸಿನಿಮಾ ಇಷ್ಟ ಇಲ್ಲ ಟೀಚರ್, ಕತೆನೇ ಅರ್ಥ ಆಗಲ್ಲ. ಬಿಳಿ ಶರ್ಟ್ ಹಾಕಿದೋನು ಮುಂದಿನ ಸೀನಲ್ಲಿ ಕಪ್ಪು ಶರ್ಟ್ ಹಾಕ್ಕೊಂಡು ಬಂದ್ರೆ ಇವನ್ಯಾರು ಹೊಸಬ ಅಂತ ಪಕ್ಕದವ್ರನ್ನ ಕೇಳ್ತೀನಿ, ಅವ್ರು ಬೈತಾರೆ. ಕಾದಂಬರಿ ಆದ್ರೆ ಎಷ್ಟು ಬೇಕಾದ್ರೂ ಓದ್ತೀನಿ. ಮೊನ್ನೆ ಬಸ್‌ಸ್ಟ್ಯಾಂಡಲ್ಲಿ ನಮ್ಮ ಲೆಕ್ಚರರ್ ಚೂಡಿದಾರ್ ಹಾಕ್ಕೊಂಡು ನಿಂತಿದ್ರೆ ಗೊತ್ತೇ ಆಗ್ಲಿಲ್ಲ, ಸೊಕ್ಕು ಅಂದ್ಕೊಂಡ್ರು.

ಉತ್ತರ: ನಿನ್ನ ಕಾಗದವನ್ನ ನಾಲ್ಕು ಸಲ ಓದಿದೆ ಮಗಳೇ. ಲೆಕ್ಚರರ್ ವಿಷಯ ಬರೀದೇ ಹೋಗಿದ್ರೆ ನನಗೆ ಹೊಳೀತಾನೇ ಇರ್ಲಿಲ್ಲ. ಕೆಲವ್ರಿಗೆ ಕಣ್ಣು ಸರಿ ಇರುತ್ತೆ, ಬುದ್ಧಿ ಚುರುಕಾಗಿರುತ್ತೆ, ಮುಖ ಗುರುತು ಹಿಡಿಯೋದು ಮಾತ್ರ ಬರಲ್ಲ. ಪ್ರೊಸೊಪಗ್ನೋಸಿಯಾ ಅಂತ ಬಾಯಿಗೆ ಬಾರದ ಹೆಸ್ರಿಟ್ಟಿದಾರೆ, ಮುಖಗುರುಡು ಅನ್ನೋಣ. ಹುಟ್ಟಿಂದ್ಲೇ ಇರುತ್ತೆ, ಒಂದೇ ಮನೇಲಿ ಎರಡು ಮೂರು ಜನಕ್ಕೆ ಇರೋದೂ ಉಂಟು, ನೂರಕ್ಕೆ ಇಬ್ಬರಿಗೆ ಇರ್ಬೋದು ಅಂತ ಒಂದು ಅಂದಾಜು. ಇಂಥವ್ರು ಜನ್ರನ್ನ ದನಿ, ನಡಿಗೆ, ಕೂದ್ಲು, ಬಟ್ಟೆ ಮೇಲೆ ಗುರುತು ಇಟ್ಕೊಂಡಿರ್ತಾರೆ. ಸಿನಿಮಾದಲ್ಲಿ ಸೀನಿಗೊಂದು ಬಟ್ಟೆ, ಮುಗೀತು ಕತೆ. ಕಾದಂಬರೀಲಿ ಪ್ರತಿ ಸಲ ಹೆಸ್ರು ಬರ್ದಿರ್ತಾರೆ, ಅದಕ್ಕೇ ಓದ್ತೀಯ.

ಚಿಂಪಾಂಜಿಗಳ ಮೇಲೆ ಕೆಲ್ಸ ಮಾಡಿದ ಜೇನ್ ಗುಡಾಲ್ ತಮಗೆ ಇದಿದೆ ಅಂತ ಹೇಳ್ಕೊಂಡಿದ್ರು. ಹಾಲಿವುಡ್ಡಿನ ಬ್ರಾಡ್ ಪಿಟ್ ಕೂಡ ನನಗೂ ಇದೆ ಅನ್ಸುತ್ತೆ ಅಂದಿದಾರೆ, ಪರೀಕ್ಷೆ ಮಾಡ್ಸಿಲ್ವಂತೆ. ಸಿನಿಮಾ ಮಾಡೋನಿಗೇ ಮುಖ ನೆನಪಿರಲ್ಲ ಅಂದ್ರೆ ನೀನು ನಾಚ್ಕೊಳ್ಳೋದು ಏನೂ ಇಲ್ಲ. ಇದೇ ಅಂತ ನಾನು ಖಚಿತವಾಗಿ ಹೇಳಲ್ಲ, ನರರೋಗ ತಜ್ಞರೋ ಮನಶ್ಶಾಸ್ತ್ರಜ್ಞರೋ ನೋಡಿ ಹೇಳ್ಬೇಕು. ಅಷ್ಟರಲ್ಲಿ ಆ ಲೆಕ್ಚರರ್ ಹತ್ರ ಹೋಗಿ ನೇರವಾಗಿ ಹೇಳ್ಬಿಡು, ಮೇಡಂ ನನಗೆ ಮುಖ ನೆನಪಿರಲ್ಲ, ಕಂಡ್ರೆ ನೀವೇ ಕರೀರಿ ಅಂತ. ನೋಡಬೇಕು ಅನ್ಸಿದ್ರೆ ಸಬ್‌ಟೈಟಲ್ ಹಾಕ್ಕೋ, ಕೆಲವದ್ರಲ್ಲಿ ಮಾತಾಡೋರ ಹೆಸ್ರೂ ಬರುತ್ತೆ.

ಪ್ರಶ್ನೆ: ನಾನು ಬೆಂಗ್ಳೂರಲ್ಲಿದೀನಿ, ಅಪ್ಪ ಅವ್ವ ನಾಪೋಕ್ಲು ಹತ್ರ. ಅಪ್ಪನಿಗೆ 71. ಹೋದ ವರ್ಷ 55 ಇಂಚಿನ ಟಿವಿ ಕೊಡ್ಸಿದೆ, ಈಗ ಸಿನಿಮಾ ಹಾಕಿದ್ರೆ ಎಲ್ಲಾ ಒಂದೇ ಥರ ಗಲಾಟೆ ಅಂತ ರೂಮಿಗೆ ಹೋಗಿ ರೇಡಿಯೋ ಹಾಕ್ಕೋತಾರೆ. ಮೊದ್ಲು ಡೈಲಾಗ್ ಎಲ್ಲಾ ಬಾಯಿಪಾಠ ಇತ್ತು ಅವ್ರಿಗೆ.

ಉತ್ತರ: ಅಪ್ಪ ರೇಡಿಯೋ ಹಾಕ್ಕೋತಾರೆ ಅಂದ್ರಲ್ಲ, ಉತ್ತರ ಅಲ್ಲೇ ಇದೆ. ಮಡಿಕೇರಿ ಆಕಾಶವಾಣೀಲಿ ಒಬ್ರು ಮೈಕ್ ಮುಂದೆ ಕೂತು ನಿಧಾನಕ್ಕೆ ಮಾತಾಡ್ತಾರೆ, ಹಿಂದೆ ಬಾಂಬು ಸಿಡಿಯಲ್ಲ, ವಯಲಿನ್ ಅಳಲ್ಲ. ವಯಸ್ಸಾದಾಗ ಕಿವಿ ಎಲ್ಲಾ ಸದ್ದನ್ನೂ ಒಂದೇ ಸಮ ಕಳ್ಕೊಳ್ಳಲ್ಲ, ಮೊದ್ಲು ಹೋಗೋದು ತೆಳ್ಳನೆ ಸದ್ದುಗಳು, ಸ, ಶ, ಫ, ತ ಥರದ ಅಕ್ಷರಗಳು. ಅ, ಓ ಅನ್ನೋ ಸ್ವರ ಚೆನ್ನಾಗೇ ಕೇಳುತ್ತೆ. ಹಾಗಾಗಿ ಮಾತಾಡ್ತಿದಾರೆ ಅಂತ ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ. ವಾಲ್ಯೂಮ್ ಜಾಸ್ತಿ ಮಾಡಿದ್ರೆ ಮಾತಿನ ಜೊತೆ ಗಲಾಟೆನೂ ಜಾಸ್ತಿ. 60 ದಾಟಿದೋರಲ್ಲಿ ನಾಲ್ಕರಲ್ಲಿ ಒಬ್ರಿಗಿಂತ ಹೆಚ್ಚು ಜನಕ್ಕೆ ತೊಂದ್ರೆ ಕೊಡೋವಷ್ಟು ಕಿವಿ ಮಂದ ಆಗಿರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ.

ಇನ್ನರ್ಧ ತಪ್ಪು ನೀವು ಕೊಡ್ಸಿದ ಟಿವೀದು. ಹಳೇ ಡಬ್ಬಾ ಟಿವೀಲಿ ಸ್ಪೀಕರ್ ಮುಂದೆ ಇರ್ತಿತ್ತು, ಈಗಿನ ತೆಳು ಟಿವೀಲಿ ಕೆಳಕ್ಕೋ ಹಿಂದಕ್ಕೋ ಮುಖ ಮಾಡ್ಕೊಂಡಿರುತ್ತೆ, ಗೋಡೆ ಜೊತೆ ಮಾತಾಡ್ದ ಹಾಗೆ. ಸಿನಿಮಾ ಸೌಂಡನ್ನ ಥಿಯೇಟರಿಗೆ ಅಂತ ಐದಾರು ಸ್ಪೀಕರಿಗೆ ಹಂಚಿ ಮಾಡಿರ್ತಾರೆ, ಮಾತು ಬಹುಪಾಲು ನಡುವಿನ ಸ್ಪೀಕರಿಗೆ, ಮನೇಲಿ ಅದೆಲ್ಲ ಎರಡು ಸಣ್ಣ ಸ್ಪೀಕರಿಗೆ ತುರುಕಿದಾಗ ಮಾತು ಅಡಿಗೆ ಬೀಳುತ್ತೆ. ಸೆಟ್ಟಿಂಗಲ್ಲಿ ಹೋಗಿ ಸ್ಟೀರಿಯೋ ಮಾಡಿ, ಡೈಲಾಗ್ ಅಥವಾ ಕ್ಲಿಯರ್ ವಾಯ್ಸ್ ಅಂತ ಏನಾದ್ರೂ ಇದ್ರೆ ಆನ್ ಮಾಡಿ, ಕನ್ನಡ ಸಬ್‌ಟೈಟಲ್ ಸಿಕ್ರೆ ಹಾಕಿ. ಅದಕ್ಕೂ ಮುಂಚೆ ಕಿವಿ ಗುಗ್ಗೆ ಕಟ್ಟಿದ್ಯಾ ಅಂತ ಡಾಕ್ಟ್ರಿಗೆ ತೋರ್ಸಿ, ಎಷ್ಟೋ ಸಲ ಅಷ್ಟೇ ಇರುತ್ತೆ. ಸರಿಯಾಗಿ ಪರೀಕ್ಷೆ ಮಾಡ್ಸೋಕೆ ಮೈಸೂರಲ್ಲಿ ಮಾನಸಗಂಗೋತ್ರಿಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ದೇಶದ ಬೇರೆ ಬೇರೆ ಕಡೆಯಿಂದ ಜನ ಅಲ್ಲಿಗೆ ಬರ್ತಾರೆ, ನಮ್ಗೆ ಎರಡೂವರೆ ಮೂರು ಗಂಟೆ ದಾರಿ. ಮಿಷನ್ ಬೇಡ ಅಂತ ಅಪ್ಪ ಹಠ ಮಾಡ್ತಾರೆ, ಗೊತ್ತು, ನಮ್ಮನೆಯವ್ರೂ ಎರಡು ವರ್ಷ ಮಾಡಿದ್ರು, ಈಗ ನಾನು ಅಡುಗೆಮನೇಲಿ ಗೊಣಗಿದ್ದೂ ಕೇಳುತ್ತೆ, ಅದೊಂದು ಬೇರೆ ಕಷ್ಟ.

ಪ್ರಶ್ನೆ: ಆಸಕ್ತಿ ಹೋಗಿಲ್ಲ ಮೇಡಂ, ಈಗಿನ ಸಿನಿಮಾನೇ ಚೆನ್ನಾಗಿಲ್ಲ. ಹಳೇ ಕಾಲದ ಒಂದು ಸಿನಿಮಾ ಸಮ ಬರಲ್ಲ. (ಶನಿವಾರಸಂತೆ)

ಉತ್ತರ: ಪುಟ್ಟಣ್ಣನವ್ರ ಶರಪಂಜರ 1971ರದ್ದು, ಇನ್ನೂ ನೆನಪಿದೆ. ಅದೇ ವರ್ಷ ಬಂದ ಬೇರೆ ಹತ್ತು ಹೆಸ್ರು ಹೇಳಿ ನೋಡೋಣ? ಕೆಟ್ಟದ್ದೆಲ್ಲ ಮರೆತು ಹೋಗಿದೆ, ಜರಡಿ ಹಿಡ್ದು ಉಳ್ದಿದ್ದನ್ನ ಇವತ್ತು ಜರಡಿನೇ ಹಿಡೀದ ಸಿನಿಮಾಗಳ ಜೊತೆ ಹೋಲಿಸ್ತೀವಿ, ನ್ಯಾಯ ಅಲ್ಲ. ಆದ್ರೂ ನಿಮ್ಮ ಮಾತಲ್ಲಿ ಒಂದು ಒಪ್ತೀನಿ, ಎರಡೂಮುಕ್ಕಾಲು ಗಂಟೆ ಸ್ಲೋ ಮೋಷನಲ್ಲಿ ಕತ್ತಿ ಬೀಸೋದನ್ನ ನೋಡೋ ತಾಳ್ಮೆ ನನಗೂ ಇಲ್ಲ. ಅದು ಆಸಕ್ತಿ ಹೋಗಿದ್ದಲ್ಲ, ರುಚಿ ಇದೆ ಅನ್ನೋದಕ್ಕೆ ಸಾಕ್ಷಿ.

ಪ್ರಶ್ನೆ: ಎಲ್ಲಾ ಕತೆನೂ ಮೊದ್ಲೇ ಫೋನಲ್ಲಿ ಗೊತ್ತಾಗ್ಬಿಡುತ್ತೆ, ಅದಕ್ಕೇ ನೋಡೋಕೆ ಮನಸ್ಸು ಬರಲ್ಲ. (ಕುಶಾಲನಗರ)

ಉತ್ತರ: ಕತೆ ಗೊತ್ತಾದ್ರೆ ಮಜಾ ಹೋಗುತ್ತೆ ಅನ್ನೋದು ಅಷ್ಟು ಸರಿ ಅಲ್ಲ. 2011ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋಲಿ ಸಣ್ಣ ಕತೆಗಳನ್ನ ಕೊಟ್ಟು ನೋಡಿದ್ರು, ಕೊನೆ ಏನು ಅಂತ ಮೊದ್ಲೇ ಗೊತ್ತಿದ್ದೋರೇ ಸ್ವಲ್ಪ ಜಾಸ್ತಿ ಇಷ್ಟ ಪಟ್ರು. ಸಂಪಾಜೆ ಕಡೆ ರಾತ್ರಿ ಪೂರ್ತಿ ಯಕ್ಷಗಾನ ನೋಡೋರಿಗೆ ಕೀಚಕ ಸಾಯ್ತಾನೆ ಅಂತ ಗೊತ್ತಿಲ್ವಾ?

ಪ್ರಶ್ನೆ: ನಮ್ಮೂರು ಮಕ್ಕಂದೂರು ಕಡೆ. 2018ರ ಆಗಸ್ಟಲ್ಲಿ ಇಲ್ಲಿ ಗುಡ್ಡ ಕುಸಿದು ಹೋದ್ಮೇಲೆ ಸಿನಿಮಾದಲ್ಲಿ ಮಳೆ ಸೀನ್, ಗುಡ್ಡ ಕುಸಿಯೋದು, ನೀರು ನುಗ್ಗೋದು ಬಂದ್ರೆ ನನಗೆ ನೋಡೋಕಾಗಲ್ಲ, ಎದೆ ಹೊಡ್ಕೊಳ್ಳುತ್ತೆ. ಯಾವ ಸಿನಿಮಾದಲ್ಲಿ ಯಾವಾಗ ಬರುತ್ತೋ ಅಂತ ಸಿನಿಮಾ ನೋಡೋದೇ ಬಿಟ್ಟೆ. ಮಕ್ಳು ನಗ್ತಾರೆ.

ಉತ್ತರ: ಮಕ್ಳಿಗೆ ನಗೋಕೆ ಬಿಡ್ಬೇಡಿ, ಕೂರ್ಸಿ ಹೇಳಿ. ಅವತ್ತು ರಾತ್ರಿ ಏನು ನೋಡಿದ್ರೋ ಅದು ಕತೆ ಆಗಿ ತಲೇಲಿ ಕೂತಿಲ್ಲ, ಸದ್ದಾಗಿ, ವಾಸನೆಯಾಗಿ ಮೈಯಲ್ಲಿ ಕೂತಿದೆ, ಅದೇ ಥರ ಸದ್ದು ಬಂದಾಗ ಇದು ಸಿನಿಮಾ ಅಂತ ತಲೆ ಹೇಳೋ ಮುಂಚೆ ಎದೆ ಓಡೋಕೆ ಶುರು ಮಾಡುತ್ತೆ. ಬೇರೆಯವ್ರಿಗೆ ಮಳೆ ಅಂದ್ರೆ ಹಾಡು. ಮುಂಗಾರು ಮಳೆ ಸಿನಿಮಾ ಬಂದಾಗ ಬೆಂಗ್ಳೂರಿನವ್ರು ಮಡಿಕೇರಿ ಮಳೇಲಿ ನೆನೀಬೇಕು ಅಂತ ಕಾರು ಹತ್ತಿ ಬಂದಿದ್ರು, ನಾವೂ ಆಗ ನಕ್ಕು ಸುಮ್ನಾಗಿದ್ವಿ. ಸಿನಿಮಾ ಬಿಟ್ರೆ ನಷ್ಟ ಏನಿಲ್ಲ, ಇಲ್ಲ ಮನೆಯವ್ರು ಯಾರಾದ್ರೂ ಮೊದ್ಲು ನೋಡಿ ಅಂಥ ಸೀನ್ ಇದ್ಯಾ ಹೇಳ್ಲಿ. ಆದ್ರೆ ನಿಜವಾದ ಮಳೆ ಬಂದಾಗ್ಲೂ ನಿದ್ದೆ ಬರಲ್ಲ, ರಾತ್ರಿ ಎದ್ದೆದ್ದು ಗುಡ್ಡದ ಕಡೆ ನೋಡ್ತೀರಿ ಅಂದ್ರೆ ಅದಕ್ಕೆ ಚಿಕಿತ್ಸೆ ಇದೆ, ಇಷ್ಟು ವರ್ಷ ಆದ್ಮೇಲೂ ಕೆಲ್ಸ ಮಾಡುತ್ತೆ. ಮೇಲೆ ಕೊಟ್ಟ 14416 ನಿಮ್ಗೂ ಆಗುತ್ತೆ.

ಪ್ರಶ್ನೆ: ಎಲ್ರಿಗೂ ಬುದ್ಧಿ ಹೇಳ್ತೀರಲ್ಲ ಟೀಚರೇ, ನೀವು ಕೊನೆಗೆ ಯಾವಾಗ ಪೂರ್ತಿ ಸಿನಿಮಾ ನೋಡಿದ್ದು? (ಹಳೇ ಶಿಷ್ಯ, ಸಿದ್ದಾಪುರ)

ಉತ್ತರ: ಕೈಬರಹದಲ್ಲೇ ಗೊತ್ತಾಯ್ತು ನೀನ್ಯಾರು ಅಂತ, ಎಸ್ಸೆಸ್ಸೆಲ್ಸಿ ಪೇಪರಲ್ಲೂ ಹೀಗೇ ಬರ್ದಿದ್ದೆ. ಪೂರ್ತಿ ಅಂದ್ರೆ ಪುತ್ತರಿಗೆ ಮುಂಚೆ. ಮೊನ್ನೆ ಶನಿವಾರ ಮಗಳು ಹೇಳಿದ್ಳು ಅಂತ ಒಂದು ಮಲಯಾಳಂ ಪತ್ತೇದಾರಿ ಹಾಕಿದ್ವಿ, ನಾನು ನಮ್ಮನೆಯವ್ರು ಇಬ್ರೂ. ಇಂಟರ್ವಲ್ ಆಗಿ ಇಪ್ಪತ್ತು ನಿಮಿಷ ಆಗಿರ್ಬೇಕು, ಮೇಲಿನ ತಿರುವಲ್ಲಿ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿದ್ದು ಕರೆಂಟ್ ಹೋಯ್ತು. ಇವತ್ತಿಗೆ ನಾಲ್ಕು ದಿನ. ಕೊಂದಿದ್ದು ಕಾಂಪೌಂಡರ್ ಅಂತ ಅವ್ರು, ಇಲ್ಲ ತಂಗಿ ಅಂತ ನಾನು, ದಿನಾ ರಾತ್ರಿ ಕ್ಯಾಂಡಲ್ ಇಟ್ಕೊಂಡು ವಾದ. ಮಗಳು ಫೋನಲ್ಲಿ ಹೇಳ್ಬಿಡ್ಲಾ ಅಂದ್ಳು, ಸಂಪಾಜೆ ಯಕ್ಷಗಾನ ಎಲ್ಲಾ ಮರ್ತು ಇಬ್ರೂ ಒಟ್ಟಿಗೆ ಬೇಡ ಅಂದ್ವಿ. ಲೈನ್‌ಮ್ಯಾನ್ ನಾಳೆ ಬರ್ತೀನಿ ಅಂದಿದಾರೆ.